ಬಿ ಹೋಗಿ 6 ಆದದ್ದು

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಲು ಹೊರಟಾಗ ನನಗಿದ್ದ ಭಯವೆಲ್ಲ ಇನ್‌ಸ್ಟಾಲ್ ಮಾಡುವ ಹಂತದ ಬಗ್ಗೆ. ಆ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ಕಾಟ ಶುರುವಾದದ್ದು ಎಲ್ಲವೂ ಸರಿಯಾದ ಮೇಲೆ, ಅದೂ ನಾನಾಗಿಯೇ ಕೈಹಾಕಿದ್ದರಿಂದ.

ಇದ್ದದ್ದು 4 ಜಿಬಿ ರ‍್ಯಾಮ್. ಹಾಗಾಗಿ ಲಿನಕ್ಸ್ ಬಗೆಗಳಲ್ಲೊಂದಾದ ಮಿಂಟ್‌ನ ಮೂರು ಆವೃತ್ತಿಗಳಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಆರಿಸಿಕೊಂಡೆ. ಪೆನ್‌ಡ್ರೈವಿನಿಂದಲೇ ಎರಡು ದಿನ ಓಡಿಸಿ ನೋಡಿದೆ. ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ಸರಿಯಿದ್ದವು, ವೈಫೈ ಮಾತ್ರ ನಾಪತ್ತೆ. ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು, ಅಂತರಜಾಲಕ್ಕೆ ವೈಫೈ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಫೋನಿನ ಅಂತರಜಾಲವನ್ನು ಹಂಚಿಕೊಳ್ಳುವ ಟೆದರಿಂಗ್ ಆನ್ ಮಾಡಿದೆ. ಡ್ರೈವರ್ ಮ್ಯಾನೇಜರ್ ತಾನೇ ಬೇಕಾದದ್ದನ್ನು ಹುಡುಕಿ ಕೊಟ್ಟಿತು.

ಕನ್ನಡದ ಮಟ್ಟಿಗೆ ತೊಂದರೆಯಾಗಲಿಲ್ಲ. ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ತಂತ್ರಾಂಶವಾದ ಐಬಸ್‌ಗೆ ಹಲವು ಭಾಷೆಗಳ ಕೀಲಿಮಣೆಗಳಿರುವ ಎಂ17ಎನ್ ಪೊಟ್ಟಣ ಸೇರಿಸಿದರೆ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಎಫ್ ಒತ್ತಿ ಒತ್ತಕ್ಷರ ಮೂಡಿಸುವ ನನ್ನ ಬೆರಳುಗಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ. ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಯಲ್ಲಿದ್ದ ಹಳೆಯ ಕಡತಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು. ಅವನ್ನು ಒಂದೊಂದಾಗಿ ಪರಿವರ್ತಿಸುವ ಕೆಲಸ ಇನ್ನೂ ಬಾಕಿಯಿದೆ.

ಇನ್ನು ನನ್ನ ಎಡವಟ್ಟು. ಲಿನಕ್ಸ್ ಹಾಕಿದ್ದು ವೇಗದ ಶೇಖರಣಾ ಸಾಧನವಾದ ಹೊಸ ಎಸ್‌ಎಸ್‌ಡಿಗೆ. ಹಳೆಯ 500 ಜಿಬಿ ಹಾರ್ಡ್‌ಡಿಸ್ಕನ್ನು ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕೂರಿಸಿ, ಲಿನಕ್ಸ್ ಬಳಸುವ ಕಡತ ವ್ಯವಸ್ಥೆಯಾದ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಮನೆಯ ಫೋಟೊಗಳನ್ನು ತುಂಬಿದ್ದೆ. ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಆ ಡಿಸ್ಕಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ತೆರೆಯದಿದ್ದರೆ ಫೋಟೊ ತಂತ್ರಾಂಶ ‘ಫೋಲ್ಡರ್ ಇಲ್ಲ’ ಎನ್ನುತ್ತಿತ್ತು. ತಾನಾಗಿಯೇ ತೆರೆಯುವಂತೆ ಮಾಡಲು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಸೇರಿಸಬೇಕು, ಆ ಸಾಲಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಯಾದ ಯುಯುಐಡಿ ಇರಬೇಕು. 32 ಅಂಕಿ-ಅಕ್ಷರಗಳು, ನಡುವೆ ನಾಲ್ಕು ಅಡ್ಡಗೆರೆಗಳು. ಮಾಡುವ ಪ್ರತಿ ಬದಲಾವಣೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಇದನ್ನೂ ಬರೆದುಕೊಂಡೆ. ಮರುದಿನ ಅದನ್ನೇ ನೋಡಿಕೊಂಡು ಟೈಪ್ ಮಾಡಿ ರೀಸ್ಟಾರ್ಟ್ ಕೊಟ್ಟೆ.

ಲೋಗೋ ಬಂದದ್ದು ಹೋಗಲೇ ಇಲ್ಲ. ಎಸ್ಕೇಪ್ ಕೀಲಿ ಒತ್ತಿದಾಗ ಹಿಂದೆ ನಡೆಯುತ್ತಿದ್ದದ್ದು ಕಂಡಿತು: ಯಾವುದೋ ಡಿಸ್ಕಿಗಾಗಿ ಕಾಯುತ್ತಿದೆ, ಪಕ್ಕದಲ್ಲಿ ಸೆಕೆಂಡುಗಳು ಎಣಿಕೆಯಾಗುತ್ತಿವೆ. ಒಂದೂವರೆ ನಿಮಿಷ ತುಂಬಿದ್ದೇ ಎಮರ್ಜೆನ್ಸಿ ಮೋಡ್ ಎಂಬ ಸಾಲು ಮೂಡಿತು. ಎಸ್‌ಎಸ್‌ಡಿಯೇ ಕೆಟ್ಟಿತು ಎಂದುಕೊಂಡೆ. ಕಾಯುತ್ತಿದ್ದ ಡಿಸ್ಕಿನ ಯುಯುಐಡಿ ತೆರೆಯ ಮೇಲೇ ಇತ್ತು, ಓದುವ ವ್ಯವಧಾನ ನನಗಿರಲಿಲ್ಲ.

ಇನ್‌ಸ್ಟಾಲ್ ಮಾಡಿದ್ದ ಪೆನ್‌ಡ್ರೈವನ್ನೇ ಮತ್ತೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿದೆ. ಎಫ್‌ಎಸ್‌ಟ್ಯಾಬ್ ತೆರೆದರೆ ನಾನು ಬರೆದ ಸಾಲೇ ಅಲ್ಲಿಲ್ಲ! ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ನಾನು ನೋಡುತ್ತಿದ್ದದ್ದು ಪೆನ್‌ಡ್ರೈವಿನ ವ್ಯವಸ್ಥೆಗೆ ಸೇರಿದ ಕಡತವನ್ನು. ಎಸ್‌ಎಸ್‌ಡಿಯ ವಿಭಾಗವನ್ನು ಮೌಂಟ್ ಮಾಡಿ (ಅಂದರೆ ಬಳಕೆಗೆ ತೆರೆದು), ಅದರೊಳಗಿನ ಎಫ್‌ಎಸ್‌ಟ್ಯಾಬ್ ತೆರೆದು, ನನ್ನ ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಹಾಕಿದೆ. ಹ್ಯಾಷ್ ಇರುವ ಸಾಲನ್ನು ವ್ಯವಸ್ಥೆ ಓದುವುದಿಲ್ಲ. ಲ್ಯಾಪ್‌ಟಾಪ್ ಎಂದಿನಂತೆ ಎದ್ದು ಕುಳಿತಿತು.

ತಪ್ಪು ಎಲ್ಲಿದೆ ಎಂದು ಹುಡುಕಲು ಮಗಳನ್ನು ಕೂರಿಸಿಕೊಂಡೆ. ಅವಳು ತೆರೆಯ ಮೇಲಿನ ಯುಯುಐಡಿ ಓದುತ್ತಾ ಹೋದಳು, ನಾನು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟುಕೊಂಡು ಬಂದೆ. ಹತ್ತೊಂಬತ್ತನೆಯದಕ್ಕೆ ಬಂದಾಗ “ಬಿ” ಎಂದಳು. ನನ್ನ ಬೆರಳಿನಡಿ ಇದ್ದದ್ದು 6. ಪುಟವನ್ನು ತನ್ನತ್ತ ತಿರುಗಿಸಿಕೊಂಡು, “ಅಪ್ಪಾ, ನೀವು ಬಿ ಬರೆಯುವುದೇ ಹೀಗೆ” ಎಂದಳು.

ಈಗ ಯುಯುಐಡಿಯನ್ನು ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಿಂದ ನಕಲಿಸಿ ಅಂಟಿಸುತ್ತೇನೆ. ಸಾಲಿನಲ್ಲಿ ನೋಫೇಲ್ ಎಂಬ ಆಯ್ಕೆಯನ್ನೂ ಸೇರಿಸಿದ್ದೇನೆ, ಆ ಡಿಸ್ಕ್ ಸಿಗದಿದ್ದರೂ ಬೂಟ್ ಆಗುವುದು ನಿಲ್ಲದಿರಲಿ ಎಂದು. ರೀಸ್ಟಾರ್ಟ್‌ಗೆ ಮುನ್ನವೇ ಮೌಂಟ್ ಆದೇಶವನ್ನು ‘ಎ’ ಆಯ್ಕೆಯೊಂದಿಗೆ ಕೊಟ್ಟರೆ ಎಫ್‌ಎಸ್‌ಟ್ಯಾಬ್‌ನಲ್ಲಿರುವ ಡಿಸ್ಕುಗಳನ್ನೆಲ್ಲ ಅಲ್ಲೇ ತೆರೆಯಲು ನೋಡುತ್ತದೆ. ನೋಫೇಲ್ ಇಲ್ಲದ ಸಾಲಿನಲ್ಲಿ ಯುಯುಐಡಿ ತಪ್ಪಿದ್ದರೆ ಆ ಕ್ಷಣವೇ ದೂರುತ್ತದೆ. ಅವತ್ತು ಆ ಒಂದು ಆದೇಶ ಕೊಟ್ಟಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ನೋಫೇಲನ್ನು ಸುಮ್ಮನೆ ನಂಬಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಹಳೆಯ ಡಿಸ್ಕನ್ನು ಹೊರಗೆಳೆದಿಟ್ಟು ಮತ್ತೆ ಆನ್ ಮಾಡಿದೆ. ಫೋಟೊ ಫೋಲ್ಡರ್ ಖಾಲಿಯಿತ್ತು. ಉಳಿದದ್ದೆಲ್ಲ ಎಂದಿನಂತೆ ತೆರೆದುಕೊಂಡಿತು.