ಪಾಂಪೆಯಲ್ಲಿ ನೆಲ ನೋಡಿಕೊಂಡು ನಡೆದ ಮೂರು ಗಂಟೆ

ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಇಟಲಿಯ ಹಳೇ ರೋಮನ್ ಊರು ಪಾಂಪೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಹೋಗಿದ್ದು ಶುದ್ಧ ದಂಡ. ಅದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇಟಲಿಗೆ ಹೋಗಿ ಬಂದ ನನ್ನ ಸ್ನೇಹಿತರೆಲ್ಲ ಹೆಚ್ಚುಕಮ್ಮಿ ನಾನು ಮಾಡಿದ್ದನ್ನೇ ಮಾಡಿ ಬಂದಿದ್ದಾರೆ.

ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಜುಲೈ ತಿಂಗಳು. ರೋಮ್‌ನಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಪಾಂಪೆ ತೋರಿಸಿ, ಪಿಜ್ಜಾ ತಿನ್ನಿಸಿ, ವೆಸೂವಿಯಸ್ ಬೆಟ್ಟ ಹತ್ತಿಸಿ, ರಾತ್ರಿ ವಾಪಸ್ ತಂದು ಬಿಡುವ ಒಂದು ದಿನದ ಪ್ಯಾಕೇಜ್ ತಗೊಂಡಿದ್ದೆ. ನಲವತ್ತಕ್ಕೂ ಜಾಸ್ತಿ ಜನ. ಕಿವಿಗೆ ಸಿಕ್ಕಿಸಿಕೊಳ್ಳೋಕೆ ಒಂದು ಇಯರ್‌ಫೋನ್ ಕೊಟ್ಟಿದ್ದರು, ಅದು ಹಳೇ ರೇಡಿಯೋ ಥರ ಗರಗರ ಅಂತಿತ್ತು. ಗೈಡ್ ಒಂದು ಕೊಡೆ ಎತ್ತಿ ಹಿಡಿದು ಮುಂದೆ ಓಡುತ್ತಿದ್ದ, ನಾವು ಹಿಂದೆ. ಊರ ಚೌಕ ಹತ್ತು ನಿಮಿಷ, ಸ್ನಾನಗೃಹ ಐದು ನಿಮಿಷ. ವೇಶ್ಯಾಗೃಹದ ಹತ್ತಿರ ಮಾತ್ರ ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡು ಜೋಕು ಹೇಳಿದ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನನಗೆ ನೆನಪಿರೋದು ಕಲ್ಲು, ಕಂಬ, ಮತ್ತೆ ಕಲ್ಲು. "ಹಂಪಿಯಲ್ಲಿ ಇದಕ್ಕಿಂತ ಚೆನ್ನಾಗಿದೆ" ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ. ಪಾಪ, ತಪ್ಪು ಪಾಂಪೆಯದ್ದಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ನನ್ನ ಹತ್ತಿರ ಬಂದರು. ಚಿತ್ರದುರ್ಗದವರು. ಅಪ್ಪ ನೀರು ಸರಬರಾಜಿನ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು, ಎಲ್ಲಿ ಹೋದರೂ ಮೊದಲು ಮೋರಿ ನೋಡುತ್ತಾರೆ. ಅಮ್ಮನಿಗೆ ಮಂಡಿನೋವು, ಇಂಗ್ಲಿಷ್ ಅಷ್ಟಕ್ಕಷ್ಟೆ. ಇವರನ್ನು ಅದೇ ಕೊಡೆಯ ಹಿಂದೆ ಓಡಿಸೋಕೆ ಮನಸ್ಸಾಗಲಿಲ್ಲ. ಈ ಸಲ ನಮಗೆ ಮೂರು ಜನಕ್ಕೆ ಮಾತ್ರ ಒಬ್ಬ ಗೈಡ್ ಬುಕ್ ಮಾಡಿದೆ, ಮೂರು ಗಂಟೆಗೆ. ದುಡ್ಡು ಜಾಸ್ತಿ ಆಯ್ತು, ನಿಜ. ಆದರೆ ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೋಬೇಕು, ಕುತ್ತಿಗೆಯಲ್ಲಿ ಕಾರ್ಡ್ ಇರುತ್ತೆ. ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ "ಟಿಕೆಟ್ ಇಲ್ಲಿ, ಬನ್ನಿ ಬನ್ನಿ" ಅಂತ ಕೈ ಹಿಡಿದು ಎಳೆಯುವವರು ಬೇರೆ, ಇವರು ಬೇರೆ.

ನಾನು ಮಾಡಿದ ಒಂದೇ ಜಾಣತನ ಅಂದ್ರೆ ಆ ಗೈಡ್‌ಗೆ ಮೊದಲೇ ಒಂದು ಮೇಲ್ ಬರೆದಿದ್ದು. ನಾಲ್ಕೇ ಸಾಲು. ಅಮ್ಮನಿಗೆ ಮಂಡಿನೋವು, ಏರು ಹತ್ತೋಕಾಗಲ್ಲ. ಅಪ್ಪನಿಗೆ ನೀರಿನ ಪೈಪ್ ತೋರಿಸಿ, ಅಮ್ಮನಿಗೆ ಅಡುಗೆಮನೆ ತೋರಿಸಿ. ನಾನು ಕನ್ನಡದಲ್ಲಿ ಹೇಳಬೇಕು, ಹಾಗಾಗಿ ನಡುನಡುವೆ ನಿಲ್ಲಿಸಿ. ವೇಶ್ಯಾಗೃಹ ಬೇಡ. ಆಕೆಯ ಉತ್ತರ ಮರುದಿನವೇ ಬಂತು: ಎಲ್ಲರೂ ಹೋಗುವ ಪೋರ್ತಾ ಮರೀನಾ ಬಾಗಿಲಿಗೆ ಬರಬೇಡಿ, ಅಲ್ಲಿ ಕಲ್ಲಿನ ಏರು ಇದೆ. ಆಚೆ ಕಡೆ ಆಂಫಿಥಿಯೇಟರ್ ಬಾಗಿಲಿಗೆ ಬೆಳಿಗ್ಗೆ 9ಕ್ಕೆ, ತೆಗೆಯುವ ಹೊತ್ತಿಗೇ ಬನ್ನಿ. ಅಲ್ಲಿಂದ ಗಾಲಿಕುರ್ಚಿಯವರಿಗೂ ಆಗುವಂಥ ಮಟ್ಟಸವಾದ ದಾರಿ ಮಾಡಿದ್ದಾರೆ. ಇದು ನನಗೆ ಗೊತ್ತೇ ಇರಲಿಲ್ಲ. ಬರೀ ಈ ಮಾತಿಗೇ ಕೊಟ್ಟ ದುಡ್ಡು ಸರಿಹೋಯ್ತು ಅನ್ನಿಸಿತು.

ಆಕೆಗೆ ಐವತ್ತರ ಆಸುಪಾಸು, ಪಕ್ಕದ ಊರಿನವರೇ. ಒಳಗೆ ಹೋಗಿ ಕೊಟ್ಟ ಮೊದಲ ಸೂಚನೆ: "ತಲೆ ಎತ್ತಿ ನೋಡಬೇಡಿ. ಮೇಲೆ ಏನೂ ಉಳಿದಿಲ್ಲ. ನೆಲ ನೋಡಿ." ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಮೊದಲು ಹಗುರವಾದ ಕಲ್ಲುಚೂರು ಗಂಟೆಗಟ್ಟಲೆ ಮಳೆ ಥರ ಸುರಿದು ಛಾವಣಿಗಳು ಕುಸಿದವು, ಆಮೇಲೆ ಸುಡುವ ಬೂದಿ, ಗಾಳಿ ಬಂದು ಉಳಿದದ್ದನ್ನು ಮುಗಿಸಿದವು. ಹಾಗಾಗಿ ಕೆಳಗಿನದ್ದೇ ಗಟ್ಟಿಯಾಗಿ ಉಳಿದಿರೋದು. (ಅದು ಆಗಸ್ಟ್ 24 ಅಂತ ನಾವೆಲ್ಲ ಓದಿದ್ದೆವು. 2018ರಲ್ಲಿ ಒಂದು ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ ಸಾಲು ಸಿಕ್ಕಿತಂತೆ, ಅದರಲ್ಲಿ ಅಕ್ಟೋಬರ್ 17ರ ತಾರೀಕು. ಅಲ್ಲಿಂದ ಜಗಳ ನಡೀತಾನೇ ಇದೆ.)

ಸರಿ, ನೆಲ ನೋಡಿದೆವು. ಬೀದಿಯ ಚಪ್ಪಡಿ ಕಲ್ಲುಗಳಲ್ಲಿ ಗಾಡಿ ಚಕ್ರ ಉಜ್ಜಿ ಉಜ್ಜಿ ಒಂದು ಗೇಣಗಲದ ಜಾಡು ಬಿದ್ದಿದೆ. ಬೀದಿ ದಾಟೋಕೆ ಅಡ್ಡಲಾಗಿ ದೊಡ್ಡ ದೊಡ್ಡ ಕಲ್ಲು ಇಟ್ಟಿದ್ದಾರೆ, ಚಕ್ರ ಅವುಗಳ ಸಂದಿಯಲ್ಲಿ ಹೋಗಬೇಕು. ಯಾಕೆ ಅಂತ ಆಕೆ ಅಪ್ಪನನ್ನೇ ಕೇಳಿದರು. ಅಪ್ಪ ಬೀದಿಯ ಇಳಿಜಾರು ನೋಡಿ, ಎತ್ತರದ ಫುಟ್‌ಪಾತ್ ನೋಡಿ, "ಒಳಚರಂಡಿ ಎಲ್ಲಾ ಕಡೆ ಇರಲಿಲ್ಲ. ಬೀದಿಯೇ ಚರಂಡಿ" ಅಂದರು. ಆಕೆ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದಕ್ಕೆ ಅವರಿಬ್ಬರೇ ಮಾತಾಡಿಕೊಂಡರು ಅಂತ ಹೇಳಬಹುದು.

ಒಂದು ಅಂಗಡಿಯ ಹೊಸ್ತಿಲ ಹತ್ತಿರ ಆಕೆ ಬಗ್ಗಿ ಬೆರಳಾಡಿಸಿ ತೋರಿಸಿದರು. ಕಲ್ಲಿನ ಹೊಸ್ತಿಲಲ್ಲಿ ಉದ್ದಕ್ಕೂ ಒಂದು ತೋಡು, ಬೆರಳು ಇಳಿಯುವಷ್ಟು ಆಳ. ಒಂದು ತುದಿಯಲ್ಲಿ ಬಾಗಿಲು ತಿರುಗೋಕೆ ಕುಳಿ. ನಾನು ಏನೋ ನೀರು ಹೋಗೋಕೆ ಅಂದುಕೊಂಡೆ. ಅಮ್ಮ ತಕ್ಷಣ, "ಅಯ್ಯೋ, ಹಲಗೆ ಬಾಗಿಲು ಕಣೋ! ನಮ್ಮ ಪೇಟೆಯಲ್ಲಿ ಹಳೇ ಅಂಗಡಿಗಳಿಗೆ ಇರ್ತಿತ್ತಲ್ಲ, ಒಂದೊಂದೇ ಹಲಗೆ ಜಾರಿಸಿ ಕೊನೆಗೆ ಒಂದು ಬಾಗಿಲಿಗೆ ಬೀಗ ಹಾಕೋದು" ಅಂದರು. ಇಂಗ್ಲಿಷಿಗೆ ಮಾಡಿ ಹೇಳಿದೆ. ಅದೇ, ಸರಿಯಾಗಿ ಅದೇ. ಮೊದಲ ಸಲ ಇಂಥ ಎಷ್ಟು ಹೊಸ್ತಿಲು ತುಳಿದುಕೊಂಡು ಹೋಗಿದ್ದೆನೋ.

ಮನೆಗಳೂ ಹಾಗೇ. ಒಳಗೆ ಹೋದರೆ ನಡುವೆ ಬಯಲು, ಮೇಲೆ ಸೂರಿನಲ್ಲಿ ಚೌಕದ ಕಿಂಡಿ, ಕೆಳಗೆ ಮಳೆನೀರು ಬೀಳೋಕೆ ತೊಟ್ಟಿ, ಅಲ್ಲಿಂದ ನೀರು ನೆಲದಡಿಯ ಬಾವಿಗೆ. ನಮಗೆ ವಿವರಿಸೋದೇ ಬೇಕಾಗಲಿಲ್ಲ, ತೊಟ್ಟಿಮನೆ ಅಂದರೆ ಮುಗೀತು. ಅಡುಗೆಮನೆ ಮಾತ್ರ ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ. ದೊಡ್ಡ ಮನೆಗಳಲ್ಲೂ ಮೂಲೆಯಲ್ಲೊಂದು ಇಕ್ಕಟ್ಟು ಜಾಗ, ಕಲ್ಲಿನ ಕಟ್ಟೆ, ಮೇಲೆ ಇದ್ದಿಲು. ಪಕ್ಕದಲ್ಲೇ ಕಕ್ಕಸು. "ಥೂ" ಅಂದರು. ಅದನ್ನು ನಾನು ಅನುವಾದ ಮಾಡಲಿಲ್ಲ, ಆದರೂ ಗೈಡ್‌ಗೆ ಅರ್ಥವಾಯಿತು.

ಬಡವರ ಮನೆಗಳಲ್ಲಿ ಅಡುಗೆಮನೆ ಇರುತ್ತಲೇ ಇರಲಿಲ್ಲ, ಬೀದಿಯಲ್ಲೇ ತಿನ್ನುತ್ತಿದ್ದರು. ಅದಕ್ಕೆ ಊರ ತುಂಬ ದರ್ಶಿನಿ ಥರದ ಅಂಗಡಿಗಳು. ರಸ್ತೆಗೆ ಮುಖ ಮಾಡಿದ ಕಟ್ಟೆ, ಕಟ್ಟೆಯಲ್ಲಿ ಹೂತಿಟ್ಟ ಮಣ್ಣಿನ ಹಂಡೆಗಳು. ಅಬ್ಬೊಂದಾಂಜಾ ಬೀದಿಯ ಒಂದು ಅಂಗಡಿಯಲ್ಲಿ ಹಂಡೆಯೊಳಗೆ ಸುಮಾರು ಮೂರು ಕಿಲೋ ನಾಣ್ಯ ಸಿಕ್ಕಿತಂತೆ. ಒಳಗೋಡೆಯಲ್ಲಿ ದೇವರ ಗೂಡು, ಚಿತ್ರ ಬರೆದದ್ದು ಇನ್ನೂ ಇದೆ. ಕೌಂಟರ್ ಹತ್ತಿರ ದೇವರ ಪಟ ಎಲ್ಲ ಕಾಲಕ್ಕೂ ಇದ್ದದ್ದೇ ಬಿಡಿ.

ಅಪ್ಪನ ಪಾಲಿನ ಹಬ್ಬ ಶುರುವಾಗಿದ್ದು ಒಂದು ನಾಲ್ಕು ರಸ್ತೆ ಕೂಡುವಲ್ಲಿ. ಫುಟ್‌ಪಾತ್ ಅಂಚಿನಲ್ಲಿ ಸೀಸದ ಪೈಪ್ ಕಾಣುತ್ತೆ, ತಗಡನ್ನು ಸುತ್ತಿ ಮೇಲೆ ಬೆಸೆದದ್ದು. ಪಕ್ಕದಲ್ಲಿ ಇಟ್ಟಿಗೆಯ ಗೋಪುರ, ಸುಮಾರು 6 ಮೀಟರ್. ಊರಿನ ಅತಿ ಎತ್ತರದ ಜಾಗ ವೆಸೂವಿಯಸ್ ಬಾಗಿಲು. ಕಾಲುವೆಯ ನೀರು ಅಲ್ಲಿಗೆ ಬಂದು ಹಂಚಿಕೆಯಾಗಿ ಇಳಿಜಾರಿಗೆ ಹರಿಯುತ್ತೆ. ಹಾಗೇ ಬಿಟ್ಟರೆ ಕೆಳಗಿನ ಬೀದಿಗಳಲ್ಲಿ ಪ್ರೆಶರ್ ಜಾಸ್ತಿಯಾಗಿ ಪೈಪ್ ಒಡೆಯುತ್ತೆ. ಅದಕ್ಕೆ ಅಲ್ಲಲ್ಲಿ ಗೋಪುರ ಕಟ್ಟಿ, ನೀರನ್ನು ಮೇಲಿನ ತೊಟ್ಟಿಗೆ ಹತ್ತಿಸಿ, ಮತ್ತೆ ಇಳಿಸಿ, ಒತ್ತಡ ಮುರಿದಿದ್ದಾರೆ. "ನಾವೂ ಇದನ್ನೇ ಮಾಡೋದು. ಬ್ರೇಕ್ ಪ್ರೆಶರ್ ಟ್ಯಾಂಕ್" ಅಂತ ಅಪ್ಪ ಗೋಪುರದ ಇಟ್ಟಿಗೆ ಮುಟ್ಟಲು ಹೋದರು. ಮುಟ್ಟಬಾರದು ಅಂತ ನಾನು ಕೈ ಹಿಡಿದುಕೊಂಡೆ. ಕ್ರಿ.ಶ. 62ರ ಭೂಕಂಪದಿಂದ ಊರು ಇನ್ನೂ ಪೂರ್ತಿ ಸುಧಾರಿಸಿಕೊಂಡಿರಲಿಲ್ಲ, ಬೆಟ್ಟ ಸಿಡಿಯುವ ಹೊತ್ತಿಗೂ ಎಷ್ಟೋ ಕಡೆ ರಿಪೇರಿ ನಡೆದೇ ಇತ್ತು ಅಂತ ಗೈಡ್ ಹೇಳಿದಾಗ, ಅಪ್ಪ "ಹದಿನೇಳು ವರ್ಷ ಅಲ್ವಾ? ಹಾಗಾದ್ರೆ ಪರವಾಗಿಲ್ಲ" ಅಂದರು.

ಬೀದಿ ನಲ್ಲಿಗಳ ಕಲ್ಲಿನ ತೊಟ್ಟಿಗಳಿಗೆ ಈಗ ಹೊಸ ನಲ್ಲಿ ಹಾಕಿದ್ದಾರೆ, ಕುಡಿಯೋ ನೀರು ಬರುತ್ತೆ. ಖಾಲಿ ಬಾಟಲಿ ಇಟ್ಟುಕೊಂಡರೆ ಸಾಕು. ತುಂಬಿಸಿಕೊಳ್ಳುವಾಗ ಅಂಚು ನೋಡಿ. ಬಾಯಿಟ್ಟು ಕುಡಿಯೋಕೆ ಬಗ್ಗುವವರು ಎಡಗೈ ಊರುತ್ತಿದ್ದ ಜಾಗ ಸವೆದು ತಗ್ಗಾಗಿದೆ. ನಮ್ಮ ಕೈ ತಾನಾಗೇ ಅಲ್ಲೇ ಹೋಗಿ ಕೂರುತ್ತೆ.

ಗೋಡೆಗಳ ಮೇಲೆ ಚುನಾವಣೆ ಪ್ರಚಾರ, ಕೆಂಪು ಬಣ್ಣದಲ್ಲಿ. ಇಂಥವರನ್ನು ಆರಿಸಿ ಅಂತ ಹಣ್ಣಿನ ವ್ಯಾಪಾರಿಗಳು, ಅಕ್ಕಸಾಲಿಗಳು ಬರೆಸಿದ್ದು. ವಾಟಿಯಾ ಅನ್ನೋ ಅಭ್ಯರ್ಥಿಗೆ ಚಿಲ್ಲರೆ ಕಳ್ಳರ ಬೆಂಬಲ ಇದೆ, ತಡರಾತ್ರಿ ಕುಡುಕರ ಬೆಂಬಲ ಇದೆ ಅಂತ ಯಾರೋ ಕಿಡಿಗೇಡಿಗಳು ಬರೆದಿದ್ದಾರೆ.

ಚೌಕದ ಪಕ್ಕದ ಸ್ನಾನಗೃಹದಲ್ಲಿ ಬಿಸಿನೀರ ಕೋಣೆಯ ಕಮಾನು ಛಾವಣಿಗೆ ಉದ್ದಕ್ಕೂ ಗೀರು ಗೀರಾದ ಉಬ್ಬು ಮಾಡಿದ್ದಾರೆ, ಹಬೆ ನೀರಾಗಿ ತಲೆ ಮೇಲೆ ತೊಟ್ಟಿಕ್ಕದೆ ಗೋಡೆಯುದ್ದಕ್ಕೆ ಇಳಿಯಲಿ ಅಂತ. ಅದೇ ಕೋಣೆಯಲ್ಲಿ ಅಮೃತಶಿಲೆಯ ದೊಡ್ಡ ಬೋಗುಣಿ. ಅದರ ಅಂಚಿನಲ್ಲಿ ಕಂಚಿನ ಅಕ್ಷರದಲ್ಲಿ ಇದನ್ನು ಮಾಡಿಸಿದ ಅಧಿಕಾರಿಗಳ ಹೆಸರು, ಸಾರ್ವಜನಿಕರ ಹಣದಿಂದ, ಖರ್ಚು 5,250 ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಅಂತ. ನಮ್ಮ ಬಸ್ ಶೆಲ್ಟರ್ ಮೇಲೆ "ಅಂದಾಜು ಮೊತ್ತ" ಬರೆಸ್ತಾರಲ್ಲ, ಹಾಗೆ. ಇದನ್ನು ಮೊದಲ ಸಲದ ಐದು ನಿಮಿಷದಲ್ಲಿ ನಾನು ನೋಡಿದ್ದೆ, ಫೋಟೋ ಕೂಡ ಇದೆ. ಏನು ಬರೆದಿದೆ ಅಂತ ಯಾರೂ ಹೇಳಿರಲಿಲ್ಲ.

ಒಂದು ವಿಷಯಕ್ಕೆ ಆಕೆ ಮೊದಲೇ ಅನುಮತಿ ಕೇಳಿದ್ದರು, ಅದು ಸತ್ತವರ ಅಚ್ಚುಗಳನ್ನು ನೋಡೋಕೆ. ಆಂಫಿಥಿಯೇಟರ್ ಕಡೆಯ ಒಂದು ತೋಟದಲ್ಲಿ 13 ಜನ ಬಿದ್ದ ಹಾಗೇ ಇದ್ದಾರೆ, ಗಾಜಿನಾಚೆ. ಮಕ್ಕಳೂ ಇವೆ. ಅಮ್ಮ "ಇವು ಗೊಂಬೆಗಳಾ?" ಅಂತ ಕೇಳಿದರು. ಅಲ್ಲ. ಬೂದಿ ಗಟ್ಟಿಯಾದ ಮೇಲೆ ಒಳಗೆ ದೇಹ ಕರಗಿ ಪೊಳ್ಳು ಉಳಿಯಿತು. 1863ರಲ್ಲಿ ಇಲ್ಲಿ ಉತ್ಖನನ ನೋಡಿಕೊಳ್ಳುತ್ತಿದ್ದ ಜ್ಯುಸೆಪ್ಪೆ ಫಿಯೊರೆಲ್ಲಿ ಇಂಥ ಪೊಳ್ಳುಗಳಿಗೆ ಪ್ಲಾಸ್ಟರ್ ಸುರಿದು, ಸುತ್ತಲಿನ ಬೂದಿ ಒಡೆದು ಅಚ್ಚು ತೆಗೆಯೋದನ್ನು ಶುರುಮಾಡಿದ. ಒಳಗೆ ಮೂಳೆ ಈಗಲೂ ಇದೆ. ಇನ್ನೊಂದು ಮನೆಯಲ್ಲಿ ತಾಯಿ ಮಗು ಅಂತ ಬಹಳ ವರ್ಷ ಹೇಳಿಕೊಂಡು ಬಂದಿದ್ದ ಅಚ್ಚುಗಳಿದ್ದವು, 2024ರಲ್ಲಿ ಡಿಎನ್ಎ ನೋಡಿದರೆ ದೊಡ್ಡವರು ಗಂಡಸು, ಮಗುವಿಗೆ ರಕ್ತಸಂಬಂಧವೇ ಇಲ್ಲ. ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಅಮ್ಮ, "ಯಾರದ್ದೋ ಮಗುವನ್ನ ಎತ್ಕೊಂಡು ಓಡಿದಾನೆ ನೋಡು" ಅಂದರು. ಆ ಮಾತನ್ನು ಗೈಡ್‌ಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೂರು ಗಂಟೆ ಮುಗಿದ ಮೇಲೆ ಆಕೆ ಹೋದರು. ನಾವು ನೆರಳಲ್ಲಿ ಕೂತು ಚಪಾತಿ, ಚಟ್ನಿಪುಡಿ ತಿಂದು ಇನ್ನೆರಡು ಗಂಟೆ ಸುಮ್ನೆ ಓಡಾಡಿದೆವು. ಇದನ್ನು ಬಿಡಬೇಡಿ. ಗೈಡ್ ಇದ್ದಾಗ ಕಲಿತ ಕಣ್ಣು ಗೈಡ್ ಹೋದ ಮೇಲೆ ಕೆಲಸಕ್ಕೆ ಬರುತ್ತೆ, ಹೊಸ್ತಿಲು ನೋಡಿ ಅಮ್ಮನೇ "ಇದು ಅಂಗಡಿ, ಇದು ಮನೆ" ಅನ್ನೋಕೆ ಶುರುಮಾಡಿದ್ದರು.

ಕೆಲವು ಸಣ್ಣಪುಟ್ಟದ್ದು. ನಾಪೊಲಿಯಿಂದ ಬರೋದಾದರೆ ಸೊರೆಂಟೊ ಕಡೆ ಹೋಗುವ ಲೋಕಲ್ ರೈಲು ಹತ್ತಿ, 'ಪಾಂಪೆ ಸ್ಕಾವಿ' ಸ್ಟೇಷನ್ನಿನಲ್ಲಿ ಇಳಿಯಿರಿ. ಪಾಂಪೆ ಹೆಸರಿನ ಬೇರೆ ಸ್ಟೇಷನ್ನುಗಳೂ ಇವೆ. ಟಿಕೆಟ್ ಮೇಲೆ ಹೆಸರಿರುತ್ತೆ, ಪಾಸ್‌ಪೋರ್ಟ್ ಜೊತೆಗಿರಲಿ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಅದಕ್ಕೇ ಅವತ್ತು ಹೋಗಬೇಡಿ. ಕಲ್ಲು ನುಣುಪು, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.

ನಾನು ಮಾಡಿದ ಎಡವಟ್ಟು ಒಂದಿದೆ. ಪಾಂಪೆಯ ಒಳ್ಳೆಯ ಚಿತ್ರ, ಪಾತ್ರೆ ಎಲ್ಲ ನಾಪೊಲಿಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಸೋಮವಾರ ಪಾಂಪೆ, ಮಂಗಳವಾರ ಮ್ಯೂಸಿಯಂ ಅಂತ ಪ್ಲಾನ್ ಮಾಡಿದ್ದೆ. ಮಂಗಳವಾರ ಅದಕ್ಕೆ ರಜಾ. ರೈಲು ಟಿಕೆಟ್ ಬದಲಾಯಿಸಿ ಬುಧವಾರ ಹೋದೆವು, ಯಾಕಂದ್ರೆ ಅಬ್ಬೊಂದಾಂಜಾ ಬೀದಿಯಲ್ಲಿ ಒಂದು ಮನೆ ತೋರಿಸಿ ಗೈಡ್ ಹೇಳಿದ ಮಾತು ಅಪ್ಪನಿಗೆ ಹುಳ ಬಿಟ್ಟಿತ್ತು. 1938ರಲ್ಲಿ ಆ ಮನೆಯಲ್ಲಿ ಭಾರತದಿಂದ ಹೋದ ಒಂದು ದಂತದ ಹೆಣ್ಣುಗೊಂಬೆ ಸಿಕ್ಕಿದೆ.

ಒಂದು ಗೇಣಿಗಿಂತ ಸ್ವಲ್ಪ ಎತ್ತರ ಅಷ್ಟೇ. ಮೈತುಂಬ ಒಡವೆ, ಕೈತುಂಬ ಬಳೆ, ಎರಡೂ ಕಡೆ ಸಣ್ಣ ಸೇವಕಿಯರು. ಲಕ್ಷ್ಮಿ ಅಂತ ಹೆಸರಿಟ್ಟಿದ್ದಾರೆ, ಯಕ್ಷಿ ಇರಬೇಕು ಅನ್ನುವವರೂ ಇದ್ದಾರೆ. ಮೈಮೇಲೆ ಬಟ್ಟೆ ಇಲ್ಲದ್ದಕ್ಕೋ ಏನೋ, ಪಾಂಪೆಯ ಪೋಲಿ ಚಿತ್ರಗಳನ್ನೆಲ್ಲ ಕೂಡಿಟ್ಟ ಕೋಣೆಯಲ್ಲಿ ಇಟ್ಟಿದ್ದಾರೆ. ಅಮ್ಮ ಆ ಕೋಣೆಯಲ್ಲಿ ಸುತ್ತ ನೋಡದೆ ನೇರ ಗೊಂಬೆಯ ಹತ್ತಿರ ಹೋಗಿ, ನೋಡಿ, ನೇರ ಹೊರಗೆ ಬಂದರು.

ಅಪ್ಪ ನಿಂತೇ ಇದ್ದರು. ಗೊಂಬೆಯ ತಲೆಯ ಮೇಲಿಂದ ಕೊರೆದ ತೂತು ಇದೆಯಂತೆ, ಯಾವುದೋ ಪೀಠೋಪಕರಣದ ಕಾಲಾಗಿತ್ತು ಅಂತ ಊಹೆ. ಆಮೇಲೆ ಚಂದ್ರವಳ್ಳಿ ಮಾತು ತೆಗೆದರು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ, ಚಿಕ್ಕಂದಿನಲ್ಲಿ ಅವರು ಈಜೋಕೆ ಹೋಗುತ್ತಿದ್ದ ಕೆರೆ. ಅಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು, ಅಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದ್ದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರಂತೆ. "ಆಗ ನಾವು ನಂಬಿರಲಿಲ್ಲ ಕಣೋ" ಅಂದರು. ಟೈಬೀರಿಯಸ್ ಸತ್ತದ್ದು ಕ್ರಿ.ಶ. 37ರಲ್ಲಿ. ಪಾಂಪೆಯ ಮುದುಕರು ಅವನ ಮುಖದ ನಾಣ್ಯ ಕೊಟ್ಟೇ ಆ ಕಟ್ಟೆಗಳಲ್ಲಿ ಊಟ ಕೊಂಡಿರಬೇಕು.

ಹೊರಗೆ ಬೆಂಚಿನ ಮೇಲೆ ಅಮ್ಮ ಶೂ ಬಿಚ್ಚಿ ಕೂತಿದ್ದರು. ಅಪ್ಪ ಹೋಗಿ ಪಕ್ಕ ಕೂತು ಚಂದ್ರವಳ್ಳಿ ಕಥೆಯನ್ನು ಮತ್ತೆ ಮೊದಲಿಂದ ಶುರುಮಾಡಿದರು.