ಗಡಿ ಒಪ್ಪಂದ ಓದುವುದು ಹೇಗೆ? ಟ್ರಿಯಾನನ್ ಹಿಡಿದು ನೋಡೋಣ

ಯುದ್ಧ ಮುಗಿದ ಮೇಲಿನ ಶಾಂತಿ ಒಪ್ಪಂದ ಕೈಗೆ ಬಂದರೆ ಎಲ್ಲರೂ ಮೊದಲು ನಕ್ಷೆ ಹುಡುಕುತ್ತಾರೆ. ಹುಡುಕಬೇಡಿ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ 1920ರ ಜೂನ್ 4ರಂದು ಫ್ರಾನ್ಸ್‌ನ ವರ್ಸೈಲ್ಸ್‌ನಲ್ಲಿರುವ ಟ್ರಿಯಾನನ್ ಅರಮನೆಯಲ್ಲಿ ಸಹಿ ಹಾಕಿದ ಒಪ್ಪಂದವನ್ನೇ ತಗೊಳ್ಳಿ. ನಕ್ಷೆಗೂ ಬರಹಕ್ಕೂ ತಾಳೆಯಾಗದಿದ್ದರೆ ಬರಹವೇ ಅಂತಿಮ ಅಂತ ಅದರಲ್ಲೇ ಇದೆ.

ಹಾಗಾಗಿ ಮೊದಲು 27ನೇ ವಿಧಿಗೆ ಹೋಗಿ. ನಮ್ಮ ಜಮೀನು ಪತ್ರದ ಚೆಕ್ಕುಬಂದಿಯ ಹಾಗೆ, ಆ ಊರಿನ ಪೂರ್ವಕ್ಕೆ, ಈ ಹೊಳೆಯ ಉದ್ದಕ್ಕೆ ಅಂತ ಗಡಿ ಸಾಗುತ್ತದೆ. ಬೋರ್ ಹೊಡೆಯುತ್ತದೆ, ನಿಜ. ಆದರೆ 'ನೆಲದ ಮೇಲೆ ಗುರುತಿಸಬೇಕಾದ ಗೆರೆ' ಅನ್ನುವ ಮಾತು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಯಾಕೆಂದರೆ ಪ್ಯಾರಿಸ್‌ನಲ್ಲಿ ಕೂತು ಒಪ್ಪಂದ ಬರೆದವರು ಅಲ್ಲಿ ಕೆಲಸ ಮುಗಿಸಿಲ್ಲ, ಮುಂದೆ ಬರುವ ಗಡಿ ಆಯೋಗಕ್ಕೆ ಬಿಟ್ಟಿದ್ದಾರೆ.

ಗಡಿ ನದಿಯಾಗಿದ್ದರೆ ನದಿಯ ಯಾವ ಭಾಗ ಅಂತ ಕೇಳಿ. ಹಡಗು ಓಡುವ ನದಿಯಾದರೆ ಹಡಗಿನ ಮುಖ್ಯ ದಾರಿಯ ನಡುಗೆರೆ, ಓಡದಿದ್ದರೆ ನೀರಿನ ನಡುಗೆರೆ. ಡ್ಯಾನ್ಯೂಬ್ ಹೀಗೆ ಗಡಿಯಾದ್ದರಿಂದಲೇ ಕೊಮಾರೊಮ್ ಪಟ್ಟಣ ಎರಡು ಹೋಳಾಯಿತು: ದಕ್ಷಿಣದ ದಡ ಹಂಗೇರಿಗೆ, ಉತ್ತರದ್ದು ಚೆಕೊಸ್ಲೊವಾಕಿಯಾಕ್ಕೆ.

ಆಮೇಲೆ ರೈಲು ಹಳಿಗಳನ್ನು ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾವ ಊರಲ್ಲಿ ಯಾವ ಭಾಷೆ ಅಂತಷ್ಟೇ ನೋಡಿದರೆ ರೊಮೇನಿಯಾ ಕಡೆಯ ಗಡಿ ಅರ್ಥವೇ ಆಗುವುದಿಲ್ಲ. ಸಾತು ಮಾರೆ, ಒರಾಡಿಯಾ, ಅರಾದ್ ಊರುಗಳನ್ನು ಕಟ್ಟುವ ರೈಲು ದಾರಿ ರೊಮೇನಿಯಾಕ್ಕೆ ಬೇಕಿತ್ತು, ಗೆರೆ ಅದಕ್ಕಿಂತ ಪಶ್ಚಿಮಕ್ಕೆ ಸರಿಯಿತು, ಹಂಗೇರಿಯನ್ ಮಾತಾಡುವವರೇ ಜಾಸ್ತಿಯಿದ್ದ ಊರುಗಳೂ ಆಚೆಗೆ ಹೋದವು. ಒಟ್ಟಿನಲ್ಲಿ ಹಂಗೇರಿಯ ನೆಲದ ಮೂರರಲ್ಲಿ ಎರಡು ಪಾಲು ಹೋಯಿತು, 30 ಲಕ್ಷಕ್ಕೂ ಹೆಚ್ಚು ಹಂಗೇರಿಯನ್ ಭಾಷಿಕರು ಗಡಿಯಾಚೆ ಉಳಿದರು. ಜನರ ಇಷ್ಟದ ಪ್ರಕಾರ ಗಡಿ ಹಾಕಿದೆವು ಅಂತ ಗೆದ್ದವರು ಹೇಳಿದ್ದನ್ನು ಈ ಹಳಿ ಪಕ್ಕ ಇಟ್ಟು ಓದಿ, ಅಷ್ಟು ಸಾಕು.

ಪೌರತ್ವದ ವಿಧಿಗಳನ್ನು ನಿಧಾನವಾಗಿ ಓದಿ. ಗಡಿ ಸರಿದರೆ ಜನರ ಕಾಗದಪತ್ರ ಏನಾಗುತ್ತದೆ ಅನ್ನುವುದು ಅಲ್ಲಿದೆ. ಗಡಿಯಾಚೆ ಉಳಿದವರಲ್ಲಿ 18 ದಾಟಿದವರು ಒಂದು ವರ್ಷದೊಳಗೆ ಹಂಗೇರಿಯ ಪೌರತ್ವವನ್ನೇ ಆರಿಸಿಕೊಳ್ಳಬಹುದಿತ್ತು. ಹಾಗೆ ಆರಿಸಿಕೊಂಡವರು ಮುಂದಿನ ಹನ್ನೆರಡು ತಿಂಗಳಲ್ಲಿ ಹಂಗೇರಿಗೆ ಹೋಗಿ ನೆಲೆಸಬೇಕಿತ್ತು. ಬಿಟ್ಟುಹೋದ ಮನೆ, ಹೊಲ ಇಟ್ಟುಕೊಳ್ಳುವ ಹಕ್ಕು ಕಾಗದದಲ್ಲೇನೋ ಇತ್ತು.

ಸಹಿಯ ದಿನವನ್ನೂ ಜಾರಿಯ ದಿನವನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳಿ. ಇದು ಜಾರಿಯಾದದ್ದು 1921ರ ಜುಲೈ 26ಕ್ಕೆ. ಅಮೆರಿಕ ಇದನ್ನು ಅನುಮೋದಿಸಲೇ ಇಲ್ಲ, ಅದೇ ಆಗಸ್ಟ್‌ನಲ್ಲಿ ಹಂಗೇರಿ ಜೊತೆ ಬೇರೆಯೇ ಒಪ್ಪಂದ ಮಾಡಿಕೊಂಡಿತು.

ಕೊನೆಯದಾಗಿ, ಆಮೇಲೆ ಏನು ಬದಲಾಯಿತು ಅಂತ ಹುಡುಕಿ. ಶೋಪ್ರೊನ್ ಪಟ್ಟಣ ಮೊದಲು ಆಸ್ಟ್ರಿಯಾದ ಪಾಲಾಗಿತ್ತು. ಹಂಗೇರಿ ಪರದವರು ಬಂದೂಕು ಹಿಡಿದು ದಂಗೆ ಎದ್ದ ಮೇಲೆ 1921ರ ಡಿಸೆಂಬರ್‌ನಲ್ಲಿ ಜನರ ಮತ ಕೇಳಿದರು, ಸುಮಾರು 65% ಜನ ಹಂಗೇರಿ ಅಂದರು, ಅಲ್ಲೇ ಉಳಿಯಿತು. 1938 ಮತ್ತು 1940ರಲ್ಲಿ ಜರ್ಮನಿ, ಇಟಲಿ ಸೇರಿ ವಿಯೆನ್ನಾದಲ್ಲಿ ಕೊಟ್ಟ ತೀರ್ಪುಗಳಿಂದ ಹಂಗೇರಿಗೆ ಒಂದಿಷ್ಟು ನೆಲ ವಾಪಸ್ ಬಂತು. ಆದರೆ 1947ರ ಪ್ಯಾರಿಸ್ ಒಪ್ಪಂದ ಅವನ್ನು ರದ್ದು ಮಾಡಿ, ಡ್ಯಾನ್ಯೂಬ್‌ನ ದಕ್ಷಿಣದ ಇನ್ನೂ ಮೂರು ಹಳ್ಳಿಗಳನ್ನು ಚೆಕೊಸ್ಲೊವಾಕಿಯಾಕ್ಕೆ ಕೊಟ್ಟಿತು. ಆ ಮೂರೂ ಈಗ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ನಗರದೊಳಗೆ ಸೇರಿವೆ.