ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ: ಟೇಲ್‌ಗಟ್ ಸಿಸ್ಟ್ ಎಂದರೆ ಮುಂದೇನು?

ರಜೆಗೆ ಬೆಂಗಳೂರಿಗೆ ಬಂದಾಗ ಸೊಂಟನೋವಿಗೆ ಎಂಆರ್‌ಐ ಮಾಡಿಸಿ, ವರದಿಯಲ್ಲಿ ‘ಟೇಲ್‌ಗಟ್ ಸಿಸ್ಟ್’ ಎಂದು ಓದಿ ಗಾಬರಿಯಾದವರು ಮೊದಲು ಇದಿಷ್ಟು ತಿಳಿಯಿರಿ. ಭ್ರೂಣಕ್ಕೆ ಕೆಲವು ವಾರ ಬಾಲವಿರುತ್ತದೆ, ಅದರೊಳಗೆ ಕರುಳಿನ ತುದಿಯೂ ಇರುತ್ತದೆ. ಅದು ಪೂರ್ತಿ ಕರಗದೆ ಉಳಿದರೆ ಗುದನಾಳದ ಹಿಂದೆ, ತ್ರಿಕಾಸ್ಥಿಯ (ಬೆನ್ನೆಲುಬಿನ ಕೆಳತುದಿಯ ತ್ರಿಕೋನ ಮೂಳೆ) ಮುಂದೆ ಗುಳ್ಳೆಯಾಗಿ ಬೆಳೆಯಬಹುದು. ಅಪರೂಪದ್ದು, ಹೆಂಗಸರಲ್ಲಿ ಹೆಚ್ಚು. ಅನೇಕರಿಗೆ ಏನೂ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಲಬದ್ಧತೆ, ಕೂತರೆ ನೋವು. ಸೋಂಕಾದರೆ ಕುರು, ಭಗಂದರ (ಫಿಸ್ಟುಲಾ) ಎಂದುಕೊಂಡು ಮತ್ತೆ ಮತ್ತೆ ಕೀವು ತೆಗೆಯುತ್ತಾರೆ, ಗುಳ್ಳೆ ಒಳಗೇ ಉಳಿಯುತ್ತದೆ. ನನಗೆ ಅತಿ ಸಂಕಟವಾಗುವುದು ಇದೇ.

ಜಯನಗರದಲ್ಲಾದರೆ ನೇರ ಸರ್ಜನ್ ಹತ್ತಿರ ಹೋಗುತ್ತೇವೆ. ಇಂಗ್ಲೆಂಡಿನಲ್ಲಿ ಜಿಪಿಯೇ, ಅಂದರೆ ನೀವು ಹೆಸರು ನೋಂದಾಯಿಸಿದ ಸ್ಥಳೀಯ ವೈದ್ಯರೇ ಬಾಗಿಲು. ಅವರು ಪತ್ರ ಬರೆದರೆ ಮಾತ್ರ ಎನ್‌ಎಚ್‌ಎಸ್‌ನ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೊಲೊರೆಕ್ಟಲ್ ಸರ್ಜನ್, ಅಂದರೆ ದೊಡ್ಡಕರುಳು, ಗುದನಾಳದ ತಜ್ಞರು ಸಿಗುತ್ತಾರೆ. ಆದ್ದರಿಂದ ಜಿಪಿ ಮುಂದೆ ನಾಚಿಕೆ ಬೇಡ. ‘ಮೂಲವ್ಯಾಧಿ ಇರಬೇಕು’ ಎಂದು ನೀವೇ ತೀರ್ಮಾನಿಸದೆ, ಎಷ್ಟು ಸಲ ಕೀವು ತೆಗೆಸಿದಿರಿ, ಎಲ್ಲಿ ನೋವು ಎಂಬುದನ್ನು ಹೇಳಿ. ಇಂಗ್ಲಿಷ್ ತಡವರಿಸಿದರೆ ದುಭಾಷಿಯನ್ನು ಕೇಳಿ, ಅದಕ್ಕೆ ದುಡ್ಡಿಲ್ಲ. ಬೆಂಗಳೂರಿನ ಸ್ಕ್ಯಾನ್‌ನ ಫಿಲ್ಮ್ ಅಷ್ಟೇ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ.

ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕೆಂಬುದು ನಿಯಮ. ಎಷ್ಟೋ ಸಲ ಮೀರುತ್ತದೆ. ಕ್ಯಾನ್ಸರ್ ಅನುಮಾನವಿದ್ದರೆ ತುರ್ತು ದಾರಿ ಬೇರೆ, 28 ದಿನದಲ್ಲಿ ಹೌದೋ ಅಲ್ಲವೋ ಹೇಳುವುದು ಅದರ ಗುರಿ. ಜ್ವರ, ಕೀವು, ಮೂತ್ರ ಕಟ್ಟುವುದು ಕಂಡರೆ ಸರದಿ ಕಾಯಬೇಡಿ, ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ ಅಥವಾ ತುರ್ತು ವಿಭಾಗಕ್ಕೆ ಹೋಗಿ.

ಸೂಜಿ ಚುಚ್ಚಿ ಬಯಾಪ್ಸಿ ಮಾಡುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಸೋಂಕಾಗಬಹುದು, ಕ್ಯಾನ್ಸರ್ ಇದ್ದರೆ ಜೀವಕೋಶ ಹರಡಬಹುದು. ಕೆಲವು ಗುಳ್ಳೆಗಳಲ್ಲಿ ಕ್ಯಾನ್ಸರ್ ಕಂಡಿರುವುದರಿಂದ ಇಡಿಯಾಗಿ ತೆಗೆಯಲು ಹೇಳುವುದೇ ಹೆಚ್ಚು. ಕೆಳಗಿದ್ದರೆ ಬಾಲಮೂಳೆಯ ಬಳಿ ಹಿಂದಿನಿಂದ, ಮೇಲಿದ್ದರೆ ಹೊಟ್ಟೆಯ ಕಡೆಯಿಂದ, ಹೆಚ್ಚಾಗಿ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ). ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದು ಸರ್ಜನ್‌ರನ್ನು ಧಾರಾಳವಾಗಿ ಕೇಳಿ. ಅಪರೂಪದ ಕಾಯಿಲೆಗೆ ಅನುಭವಿ ಕೈಯೇ ಬೇಕು.

ಕೆಲಸದ ಅಥವಾ ಓದಿನ ವೀಸಾದವರು ಸಾಮಾನ್ಯವಾಗಿ ಆರೋಗ್ಯ ಶುಲ್ಕವನ್ನು ವೀಸಾ ಅರ್ಜಿಯ ಜೊತೆ ಮೊದಲೇ ಕಟ್ಟಿರುವುದರಿಂದ ಆಪರೇಷನ್‌ಗೆ ಬಿಲ್ ಬರುವುದಿಲ್ಲ. ಆದರೆ ಸಂದರ್ಶಕ ವೀಸಾದಲ್ಲಿ ನಿಮ್ಮಲ್ಲಿಗೆ ಬಂದ ಅಪ್ಪ, ಅಮ್ಮನಿಗೆ ಎನ್‌ಎಚ್‌ಎಸ್ ಆಸ್ಪತ್ರೆಗಳು ನಿಗದಿತ ದರದ 150% ವಸೂಲಿ ಮಾಡುತ್ತವೆ, ತುರ್ತಲ್ಲದಿದ್ದರೆ ಮುಂಗಡವಾಗಿಯೇ. ಅಂಥವರಿಗೆ ಬೆಂಗಳೂರೇ ಮೇಲು.

ನೀವೂ ಬೆಂಗಳೂರಿನಲ್ಲೇ ಆಪರೇಷನ್ ಮಾಡಿಸಿಕೊಂಡರೆ ವಿಮಾನದಲ್ಲಿ ಎಂದು ಕೂರಬಹುದೆಂದು ಸರ್ಜನ್‌ರನ್ನು ಕೇಳಿ, ತೆಗೆದ ಗುಳ್ಳೆಯ ಪೆಥಾಲಜಿ (ಲ್ಯಾಬ್ ಪರೀಕ್ಷೆ) ವರದಿಯ ಪ್ರತಿಯನ್ನು ನಿಮ್ಮ ಜಿಪಿಗೆ ತಲುಪಿಸಿ. ಗುಳ್ಳೆ ಮರಳಿತೇ ಎಂದು ಮುಂದೆ ನೋಡಬೇಕಾದವರು ಇಂಗ್ಲೆಂಡಿನ ವೈದ್ಯರು.